ನಾಯಿ ಮಾವಿನ ವಾಟೆಯನ್ನು ಇಡಿಯಾಗಿ ನುಂಗಿದೆ, ಈಗ ಏನು ಮಾಡಬೇಕು?

ತೋಟದಮನೆ, ಸಾಗರ
ಭಾನುವಾರ, ಸಂಜೆ 4:20

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ನಾಯಿ ಟೈಗರ್ ಇಂದು ಮಧ್ಯಾಹ್ನ ಮಾವಿನಹಣ್ಣಿನ ವಾಟೆಯೊಂದನ್ನು ಅಗಿಯದೆ ಇಡಿಯಾಗಿ ನುಂಗಿದೆ. ಅದು ನಾಲ್ಕು ವರ್ಷದ ಗಂಡು ಲ್ಯಾಬ್ರಡಾರ್, ತೂಕ ಸುಮಾರು 30 ಕಿಲೋ. ಊಟಕ್ಕೆ ಸೀಕರಣೆ ಮಾಡಲು ರಸಪೂರಿ ಹಣ್ಣುಗಳನ್ನು ಹಿಂಡಿ, ಸಿಪ್ಪೆ ಮತ್ತು ವಾಟೆಗಳನ್ನು ಹಸುವಿಗೆಂದು ಅಕ್ಕಚ್ಚಿನ ಬಕೆಟ್ಟಿಗೆ ಹಾಕಿ ಹಿತ್ತಿಲ ಕಟ್ಟೆಯ ಮೇಲೆ ಇಟ್ಟಿದ್ದೆವು. ಒಂದೂವರೆ ಗಂಟೆಯ ಹೊತ್ತಿಗೆ ಬಕೆಟ್ ಉರುಳಿದ ಸದ್ದು ಕೇಳಿ ಮಗಳು ಓಡಿಹೋದಾಗ ವಾಟೆ ಅದರ ಬಾಯಲ್ಲಿತ್ತು. ಅವಳು ಕಸಿದುಕೊಳ್ಳಲು ಕೈ ಚಾಚಿದ ಕೂಡಲೇ ಅದು ಕುತ್ತಿಗೆ ಎತ್ತಿ ನುಂಗಿಬಿಟ್ಟಿತು.

ಈಗ ಸುಮಾರು ಮೂರು ಗಂಟೆ ಕಳೆದಿದೆ. ನಾಯಿ ಎಂದಿನಂತೆ ಓಡಾಡುತ್ತಿದೆ, ನೀರು ಕುಡಿದಿದೆ, ವಾಂತಿ ಮಾಡಿಲ್ಲ. ವಾಟೆ ತಾನಾಗಿಯೇ ಮಲದಲ್ಲಿ ಹೊರಬರುವುದೇ, ಮನೆಯಲ್ಲೇ ವಾಂತಿ ಮಾಡಿಸಬೇಕೇ, ಅಥವಾ ಈಗಲೇ ಶಿವಮೊಗ್ಗಕ್ಕೆ ಹೊರಡಬೇಕೇ ಎಂಬುದು ತಿಳಿಯುತ್ತಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಶಿಕ್ಷಕಿ, ಹಾಸನ
ಭಾನುವಾರ, ಸಂಜೆ 4:31

ಮೊದಲು ನಿಮ್ಮ ತಾಲ್ಲೂಕಿನ ಪಶುವೈದ್ಯರಿಗೆ ಫೋನ್ ಮಾಡಿ, ಆಮೇಲೆ ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಅನ್ನ, ಹಾಲು, ಬಿಸ್ಕತ್ತು ಯಾವುದನ್ನೂ ಕೊಡಬೇಡಿ. ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರುವುದು ಒಳ್ಳೆಯದೆಂದು ನಮ್ಮ ನಾಯಿ ಕಲ್ಲು ನುಂಗಿದ್ದಾಗ ವೈದ್ಯರು ಹೇಳಿದ್ದರು. ಬಕೆಟ್ಟಿನಲ್ಲಿ ಉಳಿದಿರುವ ವಾಟೆಗಳಲ್ಲಿ ಒಂದನ್ನು ತೊಳೆದು ಜೊತೆಗೆ ಒಯ್ಯಿರಿ. ನುಂಗಿದ ವಸ್ತು ಎಷ್ಟು ದೊಡ್ಡದೆಂದು ಬಾಯಲ್ಲಿ ವಿವರಿಸುವುದಕ್ಕಿಂತ ಅಂಥದ್ದೇ ಒಂದನ್ನು ತೋರಿಸಿದರೆ ವೈದ್ಯರಿಗೆ ಬೇಗ ಅರ್ಥವಾಗುತ್ತದೆ.

ಮಂಡಿಪೇಟೆ, ದಾವಣಗೆರೆ
ಭಾನುವಾರ, ಸಂಜೆ 4:38

ನಮ್ಮ ಹಿರಿಯರು ನಾಯಿ ಏನಾದರೂ ನುಂಗಿದರೆ ದಪ್ಪ ಉಪ್ಪನ್ನು ನೀರಿನಲ್ಲಿ ಕದಡಿ ಗಂಟಲಿಗೆ ಹೊಯ್ಯುತ್ತಿದ್ದರು, ಕೂಡಲೇ ವಾಂತಿಯಾಗುತ್ತಿತ್ತು. ವಾಂತಿ ಆಗದಿದ್ದರೆ ಎರಡು ಚಮಚ ಹರಳೆಣ್ಣೆ ಕುಡಿಸಿದರೆ ಜಾರಿ ಹೊರಗೆ ಬರುತ್ತದೆ ಎನ್ನುತ್ತಿದ್ದರು. ಶಿವಮೊಗ್ಗದವರೆಗೆ ಹೋಗುವ ಮೊದಲು ಇದನ್ನು ಪ್ರಯತ್ನಿಸಬಹುದು ಎಂದು ನನ್ನ ಅನಿಸಿಕೆ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ನಿವೃತ್ತ ಪಶುವೈದ್ಯ
ಭಾನುವಾರ, ಸಂಜೆ 4:52

ದಯವಿಟ್ಟು ಉಪ್ಪುನೀರನ್ನೂ ಹರಳೆಣ್ಣೆಯನ್ನೂ ಕೊಡಬೇಡಿ. ಈ ಎರಡು ಮನೆಮದ್ದುಗಳಿಂದ ನುಂಗಿದ ವಸ್ತುವಿಗಿಂತ ದೊಡ್ಡ ಅಪಾಯಕ್ಕೆ ಬಿದ್ದ ನಾಯಿಗಳನ್ನು ನಾನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ಉಪ್ಪುನೀರಿಗೆ ನಾಯಿ ವಾಂತಿ ಮಾಡದಿದ್ದರೆ ಆ ಉಪ್ಪೆಲ್ಲ ರಕ್ತಕ್ಕೆ ಸೇರಿ ಸೋಡಿಯಂ ಪ್ರಮಾಣ ಏರುತ್ತದೆ. ಅದರಿಂದ ನಡುಕ, ಫಿಟ್ಸ್ ಬರಬಹುದು, ಪ್ರಜ್ಞೆ ತಪ್ಪಬಹುದು, ಸಾವೂ ಸಂಭವಿಸಬಹುದು. ಹರಳೆಣ್ಣೆ ಕರುಳನ್ನು ಬಲವಾಗಿ ಹಿಂಡಿಸುತ್ತದೆ. ಮುಂದೆ ದಾರಿ ಮುಚ್ಚಿರುವಾಗ ಹಿಂದಿನಿಂದ ಹಿಂಡಿದರೆ ಕರುಳಿನ ಗೋಡೆ ಹರಿಯುವ ಸಾಧ್ಯತೆ ಹೆಚ್ಚುತ್ತದೆ. ಬಲವಂತವಾಗಿ ಹೊಯ್ದ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದು ಇನ್ನೊಂದು ಅಪಾಯ. ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡನ್ನು ಕುಡಿಸಿ ಎಂದು ಕೆಲವರು ಹೇಳುತ್ತಾರೆ. ಅದು ಜಠರದ ಒಳಪದರವನ್ನು ಸುಟ್ಟು ಹುಣ್ಣು ಮಾಡಬಲ್ಲದು. ವೈದ್ಯರು ಹೇಳದೆ ಅದನ್ನೂ ಮುಟ್ಟಬೇಡಿ.

ವಾಂತಿ ಮಾಡಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಾಯಿಗಳಲ್ಲಿ ನಾವು ಅಪೋಮಾರ್ಫಿನ್ ಎಂಬ ಚುಚ್ಚುಮದ್ದಿನಿಂದ ವಾಂತಿ ಮಾಡಿಸುತ್ತೇವೆ. ಆದರೆ ವಸ್ತು ಇನ್ನೂ ಜಠರದಲ್ಲಿರಬೇಕು, ಅದು ಸಾಮಾನ್ಯವಾಗಿ ಮೊದಲ ಎರಡು ಗಂಟೆಯ ಮಾತು; ಹೊಟ್ಟೆ ತುಂಬ ಉಂಡಿದ್ದರೆ ಇನ್ನೂ ಸ್ವಲ್ಪ ಹೊತ್ತು ಸಿಗುತ್ತದೆ. ಜೊತೆಗೆ ಅದು ಒಳಗೆ ಹೋದಷ್ಟೇ ಸಲೀಸಾಗಿ ಹೊರಗೂ ಬರುವಂಥದ್ದಾಗಿರಬೇಕು. ಸೂಜಿ, ಮೂಳೆಯ ಚೂರು, ಗಾಜು, ಬ್ಯಾಟರಿ, ಸೀಮೆಎಣ್ಣೆ, ಆಸಿಡ್ ಇವುಗಳಿಗೆ ವಾಂತಿ ಮಾಡಿಸಕೂಡದು. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಲ್ಲಿ, ಮಂಪರಿನಲ್ಲಿರುವ ನಾಯಿಗಳಲ್ಲಿ ವಾಂತಿ ಶ್ವಾಸನಾಳಕ್ಕೆ ಇಳಿಯುವ ಭಯವಿರುತ್ತದೆ. ಮಾವಿನ ವಾಟೆ ಚೂಪಲ್ಲ, ಆದರೆ ದೊಡ್ಡದು, ಅದರ ನಾರು ಒರಟು. ಮೇಲಕ್ಕೆ ಬರುವಾಗ ಅನ್ನನಾಳದಲ್ಲಿ ಸಿಕ್ಕಿಬಿದ್ದರೆ ಅದು ಕರುಳಿನಲ್ಲಿ ಸಿಕ್ಕಿಬೀಳುವುದಕ್ಕಿಂತ ಕಠಿಣ ಪರಿಸ್ಥಿತಿ. ಆದ್ದರಿಂದ ಈ ನಿರ್ಧಾರವನ್ನು ನಾಯಿಯನ್ನು ಮುಟ್ಟಿ ನೋಡಿದ ವೈದ್ಯರೇ ತೆಗೆದುಕೊಳ್ಳಬೇಕು.

ವಾಟೆಯ ಹೊರಚಿಪ್ಪನ್ನು ಜಠರದ ಆಮ್ಲ ಕರಗಿಸುವುದಿಲ್ಲ. ಜಠರದಿಂದ ಕರುಳಿಗೆ ಹೋಗುವ ದ್ವಾರ ಕಿರಿದು. ಅದನ್ನು ದಾಟಿದರೂ ಸಣ್ಣ ಕರುಳು ಇನ್ನೂ ಕಿರಿದು. ಹುಣಸೆಬೀಜವೋ ಸಣ್ಣ ಗುಂಡಿಯೋ ಆಗಿದ್ದರೆ ಎರಡು ಮೂರು ದಿನ ಮಲವನ್ನು ನೋಡುತ್ತಾ ಕಾಯಿರಿ ಎಂದು ಧೈರ್ಯವಾಗಿ ಹೇಳುತ್ತಿದ್ದೆ. ಹಿಂಡಿದ ರಸಪೂರಿ ವಾಟೆಯ ಬಗ್ಗೆ ಹಾಗೆ ಹೇಳಲಾರೆ.

ಈಗ ನಿಮ್ಮಿಂದ ಆಗಬೇಕಾದದ್ದು ಇಷ್ಟು. ಮೇಲ್ತುಟಿಯನ್ನು ಎತ್ತಿ ವಸಡನ್ನು ನೋಡಿ, ಅದು ತಿಳಿಗೆಂಪಾಗಿರಬೇಕು. ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಉಸಿರಾಟ ಸಹಜವಾಗಿದೆಯೇ, ಜೊಲ್ಲು ಸುರಿಯುತ್ತಿದೆಯೇ, ಮತ್ತೆ ಮತ್ತೆ ಗುಟುಕರಿಸುತ್ತಿದೆಯೇ ಗಮನಿಸಿ. ಜೊಲ್ಲು, ಗುಟುಕರಿಸುವಿಕೆ ಇದ್ದರೆ ವಾಟೆ ಇನ್ನೂ ಅನ್ನನಾಳದಲ್ಲೇ ಇರಬಹುದು. ಹಾಗಿದ್ದರೆ ಒಂದು ನಿಮಿಷವೂ ಕಾಯದೆ ಹೊರಡಿ. ಇಲ್ಲವಾದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಫೋನ್ ಮಾಡಿ, ಏನನ್ನು ನುಂಗಿದೆ, ಎಷ್ಟು ಹೊತ್ತಿಗೆ, ನಾಯಿಯ ತೂಕವೆಷ್ಟು ಎಂಬ ಮೂರನ್ನು ಮೊದಲ ಮಾತಿನಲ್ಲೇ ಹೇಳಿ. ಅವರು ಸಿಗದಿದ್ದರೆ ಪಶುಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಿ. ಆ ಸೇವೆ ಮುಖ್ಯವಾಗಿ ರೈತರ ಜಾನುವಾರುಗಳಿಗಾಗಿ ಇರುವುದಾದರೂ ಹತ್ತಿರದಲ್ಲಿ ಯಾರು ಸಿಗುತ್ತಾರೆಂಬ ಮಾಹಿತಿ ದೊರೆಯಬಹುದು.

ಇನ್ನೊಂದು ಮಾತು. ವಾಟೆಯನ್ನು ಹಸುವಿಗೂ ಹಾಕಬೇಡಿ. ಮಾವಿನ ಕಾಲದಲ್ಲಿ ದನಗಳ ಅನ್ನನಾಳಕ್ಕೆ ವಾಟೆ ಸಿಕ್ಕಿಕೊಳ್ಳುವುದು ಅಪರೂಪವಲ್ಲ. ಹಾಗಾದಾಗ ಹಸುವಿಗೆ ತೇಗಲು ಆಗುವುದಿಲ್ಲ, ಹೊಟ್ಟೆಯಲ್ಲಿ ಗಾಳಿ ತುಂಬಿ ಉಬ್ಬರವಾಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಜೀವಕ್ಕೆ ಕುತ್ತು ಬರುತ್ತದೆ.

ಮಂಡಿಪೇಟೆ, ದಾವಣಗೆರೆ
ಭಾನುವಾರ, ಸಂಜೆ 5:05

ಡಾಕ್ಟರೇ, ತಿದ್ದಿದ್ದಕ್ಕೆ ಧನ್ಯವಾದಗಳು. ತೋಟದಮನೆಯವರೇ, ನನ್ನ ಸಲಹೆಯನ್ನು ದಯವಿಟ್ಟು ಬಿಟ್ಟುಬಿಡಿ. ಉಪ್ಪಿನಿಂದ ಇಷ್ಟು ಅಪಾಯವಿದೆಯೆಂದು ನನಗೆ ನಿಜವಾಗಿಯೂ ತಿಳಿದಿರಲಿಲ್ಲ.

ತೋಟದಮನೆ, ಸಾಗರ
ಭಾನುವಾರ, ರಾತ್ರಿ 8:15

ಏನನ್ನೂ ಕುಡಿಸಲಿಲ್ಲ. ತಾಲ್ಲೂಕಿನ ವೈದ್ಯರು ರಜಾದಿನವಾದರೂ ಮನೆಯಿಂದ ಬಂದು ನೋಡಿದರು. ವಸಡು, ಉಸಿರಾಟ, ಜ್ವರ ಎಲ್ಲವೂ ಸರಿಯಾಗಿವೆ. ನಾಲ್ಕು ಗಂಟೆಗೂ ಹೆಚ್ಚು ಕಳೆದಿದ್ದರಿಂದ ಮತ್ತು ನಾನು ಒಯ್ದಿದ್ದ ವಾಟೆಯ ಗಾತ್ರವನ್ನು ನೋಡಿ ಅವರೂ ವಾಂತಿ ಬೇಡವೆಂದರು. ಬೆಳಿಗ್ಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ಮಾಡಿಸಿ, ರಾತ್ರಿ ವಾಂತಿ ಆರಂಭವಾದರೆ ಬೆಳಗಿನವರೆಗೂ ಕಾಯಬೇಡಿ ಎಂದು ಹೇಳಿದ್ದಾರೆ.

ಹೊಲಿಗೆಮನೆ, ಮೈಸೂರು
ಭಾನುವಾರ, ರಾತ್ರಿ 9:40

ಓದುತ್ತಾ ನನ್ನ ಅನುಭವವನ್ನು ಬರೆಯಬೇಕೆನಿಸಿತು. ನಾನು ಮನೆಯಲ್ಲಿ ರವಿಕೆ ಹೊಲಿಯುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಪೊಮರೇನಿಯನ್ ಹೆಣ್ಣುನಾಯಿ ಹೆಮ್ಮಿಂಗ್ ಮಾಡುವಾಗ ಕೆಳಗೆ ಬಿದ್ದ ದಾರವನ್ನು ಸೂಜಿಯ ಸಮೇತ ನುಂಗಿತ್ತು. ನನಗೆ ಗೊತ್ತೇ ಆಗಲಿಲ್ಲ. ಮರುದಿನ ಊಟ ಬಿಟ್ಟು, ಜೊಲ್ಲು ಸುರಿಸುತ್ತಾ ಮೂಲೆಯಲ್ಲಿ ಕುಳಿತಿತ್ತು. ಬಾಯಿ ತೆರೆದು ನೋಡಿದಾಗ ನಾಲಿಗೆಯ ಬುಡಕ್ಕೆ ಸುತ್ತಿಕೊಂಡ ಕೆಂಪು ದಾರ ಕಾಣಿಸಿತು. ಎಳೆದು ತೆಗೆಯೋಣವೆಂದು ನನ್ನ ಯಜಮಾನರು ಕೈ ಹಾಕಿದ್ದರು; ಪಕ್ಕದ ಮನೆಯ ಹುಡುಗಿ ಪಶುವೈದ್ಯಕೀಯ ಪದವಿ (ಬಿ.ವಿ.ಎಸ್ಸಿ.) ಓದುತ್ತಿದ್ದಳು, ಅವಳು ಓಡಿಬಂದು ತಡೆದಳು. ಆ ಒಂದು ನಿಮಿಷ ಅವಳು ಬಾರದೇ ಇದ್ದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಯಾಕೆ ಎಳೆಯಬಾರದೆಂದು ಡಾಕ್ಟರೇ ವಿವರಿಸಿದರೆ ಎಲ್ಲರಿಗೂ ಉಪಯೋಗವಾಗುತ್ತದೆ.

ನಿವೃತ್ತ ಪಶುವೈದ್ಯ
ಭಾನುವಾರ, ರಾತ್ರಿ 10:10

ಲಂಗದ ಲಾಡಿಯನ್ನು ಒಂದು ತುದಿಯಲ್ಲಿ ಗಟ್ಟಿಯಾಗಿ ಹಿಡಿದು ಬಟ್ಟೆಯನ್ನು ಮುಂದಕ್ಕೆ ದೂಡಿದರೆ ಅದು ನೆರಿಗೆ ನೆರಿಗೆಯಾಗಿ ಲಾಡಿಯ ಮೇಲೆ ಕೂಡಿಕೊಳ್ಳುತ್ತದೆಯಲ್ಲವೇ? ಕರುಳಿಗೂ ಹಾಗೆಯೇ ಆಗುತ್ತದೆ. ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದ ಬಾಯಲ್ಲೋ ಸಿಕ್ಕಿಕೊಂಡಿರುತ್ತದೆ, ಇನ್ನೊಂದು ತುದಿಯನ್ನು ಕರುಳು ಮುಂದಕ್ಕೆ ತಳ್ಳಲು ನೋಡುತ್ತದೆ. ದಾರ ಕದಲದ ಕಾರಣ ಕರುಳೇ ಅದರ ಮೇಲೆ ನೆರಿಗೆಗಟ್ಟುತ್ತಾ ಹೋಗುತ್ತದೆ, ಬಿಗಿಯಾದ ದಾರ ಪ್ರತಿ ನೆರಿಗೆಯ ಒಳಬದಿಯನ್ನು ಕೊಯ್ಯುತ್ತದೆ. ಆಗ ಬಾಯಿಯಿಂದಲೋ ಗುದದ್ವಾರದಿಂದಲೋ ಎಳೆದರೆ ಒಂದೇ ಎಳೆತಕ್ಕೆ ಹಲವು ಕಡೆ ರಂಧ್ರಗಳಾಗಬಹುದು. ಹೊಲಿಗೆ ದಾರ, ಗಾಳಿಪಟದ ದಾರ, ಗೋಣಿಚೀಲದ ಎಳೆ, ಹೆಣ್ಣುಮಕ್ಕಳ ಕಾಲುಚೀಲದ ನೂಲು, ಹರಿದ ಹಗ್ಗದ ಆಟಿಕೆ, ಎಲ್ಲಕ್ಕೂ ಇದೇ ಮಾತು. ಮಲದ ಜೊತೆ ದಾರ ಜೋತಾಡುತ್ತಿರುವುದು ಕಂಡರೆ ಎಳೆಯದೆ ಹಾಗೆಯೇ ವೈದ್ಯರಲ್ಲಿಗೆ ಕರೆತನ್ನಿ. ಅದನ್ನು ನಾಯಿಯೇ ಕಚ್ಚಿ ಎಳೆಯದಂತೆ ದಾರಿಯುದ್ದಕ್ಕೂ ಒಬ್ಬರು ನೋಡಿಕೊಳ್ಳಬೇಕು.

ಮೀನುಪೇಟೆ, ಮಂಗಳೂರು
ಭಾನುವಾರ, ರಾತ್ರಿ 10:32

ಗಾಳದ ವಿಷಯದಲ್ಲೂ ಹೀಗೆಯೇ. ನಮ್ಮಲ್ಲಿ ಬೊಂಡಾಸು (ಸ್ಕ್ವಿಡ್) ಸಿಕ್ಕಿಸಿದ ಗಾಳವನ್ನು ನಾಯಿ ನುಂಗಿದಾಗ ಬಾಯಿಯ ಹೊರಗೆ ಉಳಿದಿದ್ದ ನೈಲಾನ್ ದಾರವನ್ನು ನಾವು ಕತ್ತರಿಸಿ ಹಾಕಿದ್ದೆವು. ದಾರ ಉಳಿದಿದ್ದರೆ ಎಂಡೋಸ್ಕೋಪ್ ಎಂಬ ಕ್ಯಾಮೆರಾ ಇರುವ ನಳಿಗೆಯನ್ನು ಅದರ ಜಾಡಿನಲ್ಲೇ ಇಳಿಸಿ ಕೊಕ್ಕೆಯನ್ನು ಬಿಡಿಸಲು ಸುಲಭವಾಗುತ್ತಿತ್ತೆಂದು ಆಮೇಲೆ ತಿಳಿಯಿತು. ಎಳೆಯಲೂ ಬಾರದು, ಮೋಟಾಗಿ ಕತ್ತರಿಸಲೂ ಬಾರದು.

ತೋಟದಮನೆ, ಸಾಗರ
ಸೋಮವಾರ, ಬೆಳಿಗ್ಗೆ 9:05

ರಾತ್ರಿ ವಾಂತಿಯಾಗಲಿಲ್ಲ. ಬೆಳಿಗ್ಗೆ ಟೈಗರ್ ಎಂದಿನಂತೆ ತೋಟಕ್ಕೆ ಓಡಿ ಸಹಜವಾಗಿ ಮಲವಿಸರ್ಜನೆ ಮಾಡಿತು. ಹಸಿವಿನಿಂದ ತಟ್ಟೆಯ ಮುಂದೆ ನಿಂತಿತ್ತು, ಅಮ್ಮ ಸ್ವಲ್ಪ ಮೊಸರನ್ನ ಕೊಟ್ಟರು, ತಿಂದಿತು. ಇಷ್ಟು ಚೆನ್ನಾಗಿರುವಾಗ ಎಪ್ಪತ್ತು ಕಿಲೋಮೀಟರ್ ಕರೆದೊಯ್ಯುವುದು ಬೇಡ, ಎರಡು ದಿನ ನೋಡೋಣ ಎಂದು ಮನೆಯಲ್ಲಿ ಎಲ್ಲರ ಅಭಿಪ್ರಾಯ. ನನಗೂ ಸ್ವಲ್ಪ ನಿರಾಳವಾಗಿದೆ.

ನಿವೃತ್ತ ಪಶುವೈದ್ಯ
ಸೋಮವಾರ, ಬೆಳಿಗ್ಗೆ 9:50

ನಿಮ್ಮ ನಿರಾಳತೆಯನ್ನು ಕಲಕುವುದಕ್ಕೆ ಮನಸ್ಸಿಲ್ಲ, ಆದರೆ ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಇಂದು ಬಂದ ಮಲ ಮೊನ್ನೆ ಮತ್ತು ನಿನ್ನೆ ಬೆಳಿಗ್ಗೆ ತಿಂದದ್ದರದ್ದು. ವಾಟೆಗಿಂತ ಮುಂದೆ, ದೊಡ್ಡ ಕರುಳಿನಲ್ಲಿ ಆಗಲೇ ಇದ್ದ ಮಲ ಹೊರಬರುವುದಕ್ಕೆ ವಾಟೆಯ ಅಡ್ಡಿ ಏನೂ ಇಲ್ಲ. ಮಲ ಬಂತೆಂದ ಮಾತ್ರಕ್ಕೆ ದಾರಿ ತೆರೆದಿದೆ ಎಂದು ತಿಳಿಯಬಾರದು. ಮಲದಲ್ಲಿ ವಾಟೆ ಬಂದರೆ ಮಾತ್ರ ನಂಬಬೇಕು.

ವಾಟೆ ಜಠರದಲ್ಲಿ ತೇಲಾಡುತ್ತಾ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇರಬಲ್ಲದು. ದ್ವಾರಕ್ಕೆ ಅಡ್ಡ ಬಂದಾಗ ನಾಯಿ ವಾಂತಿ ಮಾಡುತ್ತದೆ, ಹಿಂದೆ ಸರಿದಾಗ ಮತ್ತೆ ಲವಲವಿಕೆಯಿಂದ ಉಣ್ಣುತ್ತದೆ, ಮನೆಯವರು ಅಜೀರ್ಣವೆಂದುಕೊಳ್ಳುತ್ತಾರೆ. ಅದು ಜಠರದಲ್ಲಿರುವಾಗಲೇ ತೆಗೆಯುವುದು ಸುಲಭ, ಅಪಾಯವೂ ಕಡಿಮೆ. ಅನುಕೂಲವಿರುವಲ್ಲಿ ಎಂಡೋಸ್ಕೋಪಿಯಿಂದಲೂ ಪ್ರಯತ್ನಿಸಬಹುದು, ಇಲ್ಲವಾದರೆ ಜಠರವನ್ನು ಕೊಯ್ದು ತೆಗೆಯಬಹುದು. ಜಠರದ ಗೋಡೆ ದಪ್ಪವಾಗಿರುವುದರಿಂದ ಹೊಲಿಗೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಒಮ್ಮೆ ಸಣ್ಣ ಕರುಳಿಗೆ ಜಾರಿ ಕಚ್ಚಿಕೊಂಡಿತೆಂದರೆ ಆ ಭಾಗದ ರಕ್ತಸಂಚಾರ ನಿಲ್ಲುತ್ತಾ ಹೋಗುತ್ತದೆ, ಅಲ್ಲಿ ಗಂಟೆಗಳ ಲೆಕ್ಕ ಶುರುವಾಗುತ್ತದೆ. ಆದ್ದರಿಂದ ಎರಡು ದಿನ ಕಾಯುವುದನ್ನು ನಾನು ಒಪ್ಪುವುದಿಲ್ಲ. ಕನಿಷ್ಠ ಇಂದು ಸ್ಕ್ಯಾನಿಂಗ್ ಮಾಡಿಸಿ.

ಎಕ್ಸ್‌ರೇ ಒಂದರಿಂದಲೇ ತೃಪ್ತರಾಗಬೇಡಿ ಎಂಬುದನ್ನೂ ಸೇರಿಸುತ್ತೇನೆ. ನಾಣ್ಯ, ಸೂಜಿ, ಕಲ್ಲು, ಮೂಳೆ ಎಕ್ಸ್‌ರೇಯಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ. ವಾಟೆ, ಬಟ್ಟೆ, ಪ್ಲಾಸ್ಟಿಕ್, ರಬ್ಬರ್ ಹಲವು ವೇಳೆ ಕಾಣುವುದೇ ಇಲ್ಲ. ಕರುಳು ಗಾಳಿ ತುಂಬಿ ಉಬ್ಬಿರುವುದನ್ನು ನೋಡಿ ಊಹಿಸಬೇಕಾಗುತ್ತದೆ. ಅಲ್ಟ್ರಾಸೌಂಡಿನಲ್ಲಾದರೆ ವಾಟೆ ಬೆಳಗುವ ಬಾಗಿದ ಗೆರೆಯಂತೆ, ಅದರ ಹಿಂದೆ ದಟ್ಟ ಕಪ್ಪು ನೆರಳಿನೊಂದಿಗೆ ಕಾಣಿಸಿಕೊಳ್ಳುತ್ತದೆ.

ಮುಧೋಳ ನಾಯಿ ಸಾಕಣೆ, ಬಾಗಲಕೋಟೆ
ಸೋಮವಾರ, ಮಧ್ಯಾಹ್ನ 1:15

ಡಾಕ್ಟರ್ ಸಾಹೇಬರ ಮಾತನ್ನು ಕೇಳಿ ಸರ್. ನಮ್ಮ ಕಡೆ ಗೋವಿನಜೋಳ ಸುಲಿಯುವ ಕಾಲಕ್ಕೆ ಕಾಳು ಬಿಡಿಸಿದ ತೆನೆಯ ದಿಂಡುಗಳು ಕಣದ ತುಂಬಾ ಬಿದ್ದಿರುತ್ತವೆ. ಎರಡು ವರ್ಷದ ಹಿಂದೆ ನಮ್ಮ ಮುಧೋಳ ಮರಿಯೊಂದು ಅದರ ತುಂಡನ್ನು ನುಂಗಿತು. ನಾವು ನೋಡಿರಲಿಲ್ಲ. ಐದು ದಿನ ಆಗಾಗ ವಾಂತಿ ಮಾಡುತ್ತಿತ್ತು, ನಡುವೆ ಚೆನ್ನಾಗಿರುತ್ತಿತ್ತು. ಜಂತುಹುಳು ಇರಬೇಕೆಂದು ಔಷಧಿ ಅಂಗಡಿಯಿಂದ ಮಾತ್ರೆ ತಂದು ಹಾಕಿದೆವು, ಆಮೇಲೆ ವಾಂತಿ ನಿಲ್ಲುವ ಮಾತ್ರೆ ಹಾಕಿದೆವು. ವಾಂತಿ ನಿಂತಿತು, ಮರಿ ಉಳಿಯಲಿಲ್ಲ. ಕೊಯ್ದು ನೋಡಿದಾಗ ಬೆರಳುದ್ದದ ದಿಂಡು ಕರುಳಿನಲ್ಲಿತ್ತು, ಸುತ್ತಲಿನ ಕರುಳು ಕಪ್ಪಾಗಿತ್ತು. ಈ ಬೇಟೆನಾಯಿಗಳ ಹೊಟ್ಟೆ ಬೆನ್ನಿಗೆ ಅಂಟಿಕೊಂಡಂತೆ ಇರುವುದರಿಂದ ಸ್ವಲ್ಪ ಉಬ್ಬಿದರೂ ಗೊತ್ತಾಗಬೇಕಿತ್ತು. ನಾವು ಮುಟ್ಟಿ ನೋಡಲಿಲ್ಲ.

ನಿವೃತ್ತ ಪಶುವೈದ್ಯ
ಸೋಮವಾರ, ಮಧ್ಯಾಹ್ನ 2:00

ನಿಮ್ಮ ಮರಿಯ ವಿಷಯ ಓದಿ ದುಃಖವಾಯಿತು. ನೀವು ಬರೆದದ್ದರಿಂದ ಬೇರೆಯವರ ನಾಯಿ ಉಳಿಯಬಹುದು. ಮನುಷ್ಯರಿಗೆ ಕೊಡುವ ಡೊಂಪೆರಿಡೋನ್, ಮೆಟೊಕ್ಲೋಪ್ರಮೈಡ್ ಮಾತ್ರೆಗಳು ವಾಂತಿಯನ್ನು ತಡೆಯುವುದು ಜಠರವನ್ನು ಮುಂದಕ್ಕೆ ಹಿಂಡಿಸುವ ಮೂಲಕವೂ ಹೌದು. ದಾರಿ ಕಟ್ಟಿಕೊಂಡಿರುವಾಗ ಅವನ್ನು ಕೊಡಕೂಡದು. ಒಂಡನ್‌ಸೆಟ್ರಾನ್ ಹಾಗೆ ಹಿಂಡುವುದಿಲ್ಲ, ಆದರೆ ನಮಗೆ ಸುಳಿವು ಕೊಡುವ ವಾಂತಿಯನ್ನೇ ಮರೆಮಾಡಿಬಿಡುತ್ತದೆ. ಹಾಗೆಯೇ ಹೊಟ್ಟೆನೋವಿಗೆಂದು ಐಬುಪ್ರೊಫೇನ್, ಡೈಕ್ಲೋಫೆನಾಕ್, ಪ್ಯಾರಸಿಟಮಾಲ್ ಕೊಡಬೇಡಿ. ಮೊದಲ ಎರಡು ನಾಯಿಯ ಜಠರಕ್ಕೂ ಮೂತ್ರಪಿಂಡಕ್ಕೂ ವಿಷವಾಗುತ್ತವೆ, ಮೂರನೆಯದು ಯಕೃತ್ತನ್ನು ಕೆಡಿಸುತ್ತದೆ.

ಅಪಾರ್ಟ್‌ಮೆಂಟ್ ನಿವಾಸಿ, ಬೆಂಗಳೂರು
ಸೋಮವಾರ, ಸಂಜೆ 6:25

ರಿಮೋಟ್‌ನಲ್ಲಿರುವ ಗುಂಡಿಯಂಥ ಬ್ಯಾಟರಿಯನ್ನು ನುಂಗಿದರೆ ಎಷ್ಟು ಹೊತ್ತು ಕಾಯಬಹುದು? ನಮ್ಮ ಮರಿ ಒಂದನ್ನು ಬಾಯಿಗೆ ಹಾಕಿಕೊಂಡಿತ್ತು, ಅದೃಷ್ಟಕ್ಕೆ ಉಗುಳಿತು.

ನಿವೃತ್ತ ಪಶುವೈದ್ಯ
ಸೋಮವಾರ, ಸಂಜೆ 6:40

ಕಾಯುವಂತೆಯೇ ಇಲ್ಲ. ಅದು ಅನ್ನನಾಳದ ತೇವಕ್ಕೆ ತಾಗಿದೊಡನೆ ವಿದ್ಯುತ್ ಹರಿದು ಅಲ್ಲಿ ಕ್ಷಾರ ಉಂಟಾಗುತ್ತದೆ. ಅರ್ಧ ಗಂಟೆಯೊಳಗೇ ಸುಡಲಾರಂಭಿಸಿ, ಕೆಲವೇ ಗಂಟೆಗಳಲ್ಲಿ ರಂಧ್ರ ಮಾಡಬಲ್ಲದು. ವಾಂತಿ ಮಾಡಿಸದೆ ನೇರವಾಗಿ ಎಕ್ಸ್‌ರೇ ಇರುವ ಆಸ್ಪತ್ರೆಗೆ ಹೋಗಬೇಕು. ಆಟಿಕೆಗಳಲ್ಲಿರುವ ಸಣ್ಣ ಆಯಸ್ಕಾಂತಗಳೂ ಅಷ್ಟೇ ಕೆಟ್ಟವು. ಎರಡನ್ನು ನುಂಗಿದರೆ ಕರುಳಿನ ಎರಡು ಸುರುಳಿಗಳ ನಡುವೆ ಅವು ಒಂದಕ್ಕೊಂದು ಅಂಟಿ ನಡುವಿನ ಗೋಡೆಯನ್ನು ಕೊರೆಯುತ್ತವೆ.

ತೋಟದಮನೆ, ಸಾಗರ
ಮಂಗಳವಾರ, ರಾತ್ರಿ 11:20

ನಾನು ನಿನ್ನೆ ಹೋಗಲಿಲ್ಲ. ತೋಟಕ್ಕೆ ಔಷಧಿ ಸಿಂಪಡಿಸುವವರು ಬಂದಿದ್ದರು, ನಾಯಿ ಚೆನ್ನಾಗಿಯೇ ಇತ್ತು. ಇಂದು ಸಂಜೆ ಆರು ಗಂಟೆಯಿಂದ ನಾಲ್ಕು ಬಾರಿ ವಾಂತಿ ಮಾಡಿದೆ. ಮೊದಲು ಅನ್ನ ಬಂತು, ಆಮೇಲೆ ಹಳದಿ ನೀರು, ಈಗ ಕುಡಿದ ನೀರೂ ನಿಲ್ಲುತ್ತಿಲ್ಲ. ಮುಂಗಾಲುಗಳನ್ನು ನೆಲಕ್ಕೆ ಚಾಚಿ ಹಿಂಭಾಗವನ್ನು ಎತ್ತಿಕೊಂಡು ನಿಲ್ಲುತ್ತದೆ, ಸಾಷ್ಟಾಂಗ ಮಾಡಲು ಬಾಗಿದ ಹಾಗೆ. ಹೊಟ್ಟೆ ಮುಟ್ಟಿದರೆ ನರಳುತ್ತದೆ. ಈಗಲೇ ಹೊರಟಿದ್ದೇವೆ. ಅಣ್ಣನ ಮಗ ಗಾಡಿ ಓಡಿಸುತ್ತಿದ್ದಾನೆ.

ನಿವೃತ್ತ ಪಶುವೈದ್ಯ
ಮಂಗಳವಾರ, ರಾತ್ರಿ 11:28

ಹಾಗೆ ನಿಲ್ಲುವುದು ಹೊಟ್ಟೆನೋವಿನ ಗುರುತು. ಸರಿಯಾದ ನಿರ್ಧಾರ ಮಾಡಿದ್ದೀರಿ. ದಾರಿಯಲ್ಲಿ ನೀರನ್ನೂ ಕುಡಿಸಬೇಡಿ, ಬಾಯಿ ಒಣಗಿದ್ದರೆ ಒದ್ದೆ ಬಟ್ಟೆಯಿಂದ ವಸಡನ್ನು ಒರೆಸಿ. ತಲೆಯನ್ನು ತಗ್ಗಿಸಿ ಪಕ್ಕಕ್ಕೆ ಮಲಗಿಸಿ, ವಾಂತಿ ಬಂದರೆ ಉಸಿರಿಗೆ ಸಿಗಬಾರದು. ಹೊರಡುವಾಗಲೇ ಆಸ್ಪತ್ರೆಗೆ ಫೋನ್ ಮಾಡಿ ಬರುತ್ತಿರುವುದನ್ನು ತಿಳಿಸಿ. ಅವರು ಮೊದಲು ರಕ್ತನಾಳದ ಮೂಲಕ ದ್ರವ ಕೊಡುತ್ತಾರೆ, ಅದನ್ನು ವಿಳಂಬವೆಂದು ತಿಳಿಯಬೇಡಿ. ನೀರು ಮತ್ತು ಲವಣ ಕಳೆದುಕೊಂಡ ನಾಯಿಗೆ ಅದು ಇಲ್ಲದೆ ಅರಿವಳಿಕೆ ಕೊಟ್ಟರೆ ತಡೆದುಕೊಳ್ಳುವುದಿಲ್ಲ.

ಶಿಕ್ಷಕಿ, ಹಾಸನ
ಬುಧವಾರ, ಬೆಳಿಗ್ಗೆ 7:00

ಟೈಗರ್ ಹೇಗಿದೆ? ರಾತ್ರಿಯೆಲ್ಲ ಅದರದ್ದೇ ಯೋಚನೆ.

ತೋಟದಮನೆ, ಸಾಗರ
ಬುಧವಾರ, ಮಧ್ಯಾಹ್ನ 3:45

ಶಸ್ತ್ರಚಿಕಿತ್ಸೆ ಮುಗಿದಿದೆ, ಟೈಗರ್ ಎಚ್ಚರಗೊಂಡಿದೆ. ರಾತ್ರಿ ತೆಗೆದ ಎಕ್ಸ್‌ರೇಯಲ್ಲಿ ಡಾಕ್ಟರ್ ಹೇಳಿದಂತೆಯೇ ವಾಟೆ ಕಾಣಲಿಲ್ಲ, ಉಬ್ಬಿದ ಕರುಳು ಮಾತ್ರ ಕಂಡಿತು. ಬೆಳಿಗ್ಗೆ ಸ್ಕ್ಯಾನಿಂಗಿನಲ್ಲಿ ಬಾಗಿದ ಗೆರೆಯೂ ಅದರ ನೆರಳೂ ಸ್ಪಷ್ಟವಾಗಿ ಕಂಡವು. ವಾಟೆ ಸಣ್ಣ ಕರುಳಿನ ಮಧ್ಯಭಾಗದಲ್ಲಿ ಸಿಕ್ಕಿಕೊಂಡಿತ್ತು. ಕರುಳು ಕೆಂಪೇರಿ ಊದಿಕೊಂಡಿತ್ತು, ಆದರೆ ಕಪ್ಪಾಗಿರಲಿಲ್ಲವಂತೆ. ಆದ್ದರಿಂದ ಕರುಳಿನ ಭಾಗವನ್ನೇ ಕತ್ತರಿಸಿ ತೆಗೆಯುವ ಅಗತ್ಯ ಬೀಳಲಿಲ್ಲ. ವಾಟೆಗಿಂತ ಸ್ವಲ್ಪ ಮುಂದಿನ ಆರೋಗ್ಯವಾದ ಜಾಗದಲ್ಲಿ ಸಣ್ಣ ಸೀಳು ಮಾಡಿ ಅದರ ಮೂಲಕ ಹೊರತೆಗೆದರಂತೆ. ಇನ್ನೊಂದು ದಿನ ತಡವಾಗಿದ್ದರೆ ಹೀಗೆ ಆಗುತ್ತಿರಲಿಲ್ಲವೆಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯೆ ಹೇಳಿದರು. ಸೋಮವಾರ ಬಂದಿದ್ದರೆ ಜಠರದಲ್ಲೇ ಸಿಗುತ್ತಿತ್ತೆಂದೂ ಹೇಳಿದರು. ನಾನು ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದೆ. ಡಾಕ್ಟರೇ, ನಿಮ್ಮ ಮಾತನ್ನು ಸೋಮವಾರವೇ ಕೇಳಬೇಕಿತ್ತು.

ನಿವೃತ್ತ ಪಶುವೈದ್ಯ
ಬುಧವಾರ, ಸಂಜೆ 4:30

ಬಹಳ ಸಂತೋಷವಾಯಿತು. ನಾಯಿ ಓಡಾಡುತ್ತಾ ಉಣ್ಣುತ್ತಿರುವಾಗ ಅದರ ಹೊಟ್ಟೆಯನ್ನು ಕೊಯ್ಸುವ ಯೋಚನೆ ಯಾರಿಗೂ ಸುಲಭವಾಗಿ ಬರುವುದಿಲ್ಲ, ಅದಕ್ಕಾಗಿ ನಿಮ್ಮನ್ನು ದೂರುವುದಿಲ್ಲ.

ಮುಂದಿನ ಐದು ದಿನ ಎಚ್ಚರ ಬೇಕು. ಕರುಳಿನ ಹೊಲಿಗೆ ಸೋರುವುದಾದರೆ ಸಾಮಾನ್ಯವಾಗಿ ಮೂರನೆಯ ಮತ್ತು ಐದನೆಯ ದಿನಗಳ ನಡುವೆ ಸೋರುತ್ತದೆ. ಎರಡು ದಿನ ಚೇತರಿಸಿಕೊಂಡ ನಾಯಿ ಮತ್ತೆ ಮಂಕಾಗಿ ಊಟ ಬಿಟ್ಟರೆ, ಜ್ವರ ಬಂದರೆ, ಹೊಟ್ಟೆ ಬಿಗಿದುಕೊಂಡರೆ, ವಾಂತಿ ಮರಳಿದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹಿಂದಿರುಗಿ. ಆಹಾರವನ್ನು ಶಸ್ತ್ರಚಿಕಿತ್ಸೆ ಮಾಡಿದವರು ಹೇಳಿದಾಗ ಆರಂಭಿಸಿ. ದೀರ್ಘಕಾಲ ಉಪವಾಸ ಕೆಡವುವುದು ಒಳ್ಳೆಯದಲ್ಲ, ಕರುಳು ಮಾಯಲು ಅದಕ್ಕೂ ಪೋಷಣೆ ಬೇಕು. ಮೆತ್ತಗೆ ಬೇಯಿಸಿದ ಅನ್ನಕ್ಕೆ ಮೂಳೆಯಿಲ್ಲದ, ಉಪ್ಪು ಖಾರವಿಲ್ಲದ ಬೇಯಿಸಿದ ಕೋಳಿಯನ್ನೋ ಮೊಟ್ಟೆಯನ್ನೋ ಹಿಸುಕಿ, ದಿನಕ್ಕೆ ನಾಲ್ಕೈದು ಬಾರಿ ಸ್ವಲ್ಪ ಸ್ವಲ್ಪ ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೀಳಬಾರದು. ಕುತ್ತಿಗೆಗೆ ಹಾಕಿರುವ ಕೊಳವೆಯಂಥ ಕಾಲರನ್ನು ಪಾಪವೆಂದು ಬಿಚ್ಚಬೇಡಿ. ಒಂದೇ ರಾತ್ರಿಯಲ್ಲಿ ಹೊಲಿಗೆಯನ್ನು ನೆಕ್ಕಿ ಬಿಚ್ಚಿಹಾಕಿದ ನಾಯಿಗಳಿವೆ.

ಲ್ಯಾಬ್ರಡಾರ್ ಸಾಕಿದವರಿಗೆಲ್ಲ ತಿಳಿದಿರಲಿ ಎಂದು ಒಂದು ವಿಷಯ ಬರೆಯುತ್ತೇನೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಹಸಿವನ್ನು ನಿಯಂತ್ರಿಸುವ ಪಿಒಎಂಸಿ ಎಂಬ ವಂಶವಾಹಿಯ ಒಂದು ತುಣುಕು ಇರುವುದಿಲ್ಲ. ಅಂಥ ನಾಯಿಯ ತೂಕ ಹೆಚ್ಚು, ಆಹಾರದ ಹಂಬಲವೂ ಹೆಚ್ಚು. ಒಮ್ಮೆ ವಾಟೆಯಿಂದ ಸಾವಿನ ಬಾಗಿಲಿಗೆ ಹೋಗಿಬಂದರೂ ಅದು ಪಾಠ ಕಲಿಯುತ್ತದೆಂದು ನಂಬಬೇಡಿ. ಕಲಿತದ್ದನ್ನು ತಡೆಯುವಷ್ಟು ಬಲವಾದ ಹಸಿವು ಅದಕ್ಕಿರಬಹುದು.

ಹೊಲಿಗೆಮನೆ, ಮೈಸೂರು
ಬುಧವಾರ, ರಾತ್ರಿ 8:50

ನಮ್ಮಲ್ಲೂ ಕಲಗಚ್ಚಿನ ಬಕೆಟ್ ಬಾಗಿಲ ಬಳಿಯೇ ಇರುತ್ತಿತ್ತು, ಇಂದು ಗೂಟಕ್ಕೆ ತೂಗುಹಾಕಿದೆ. ಇನ್ನೊಂದು ಅನುಮಾನ. ವಸ್ತು ಗಂಟಲಲ್ಲೇ ಸಿಕ್ಕಿ ಉಸಿರು ಕಟ್ಟಿದರೆ ಆಸ್ಪತ್ರೆಗೆ ಹೋಗುವಷ್ಟು ಹೊತ್ತು ಇರುವುದಿಲ್ಲವಲ್ಲ, ಆಗ ಏನು ಮಾಡಬೇಕು?

ನಿವೃತ್ತ ಪಶುವೈದ್ಯ
ಬುಧವಾರ, ರಾತ್ರಿ 9:15

ಉಸಿರು ಕಟ್ಟಿದ ನಾಯಿ ಮುಂಗಾಲುಗಳಿಂದ ಬಾಯನ್ನು ಕೆರೆದುಕೊಳ್ಳುತ್ತದೆ, ಗಾಬರಿಯಿಂದ ಒದ್ದಾಡುತ್ತದೆ, ನಾಲಿಗೆ ಮತ್ತು ವಸಡು ನೀಲಿಗಟ್ಟುತ್ತವೆ. ಕೆಮ್ಮಲು ಸಾಧ್ಯವಾಗುತ್ತಿದ್ದರೆ ಗಾಳಿ ಆಡುತ್ತಿದೆ ಎಂದರ್ಥ, ಕೆಮ್ಮಲು ಬಿಡಿ. ಗಾಳಿಯೇ ಆಡದಿದ್ದರೆ ಬಾಯನ್ನು ಅಗಲಿಸಿ, ವಸ್ತು ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಬೆರಳಿನಿಂದ ಕೊಕ್ಕೆ ಹಾಕಿ ತೆಗೆಯಿರಿ. ಕಾಣದೆ ಬೆರಳು ತೂರಿಸಿದರೆ ಇನ್ನೂ ಒಳಗೆ ಹೋಗುತ್ತದೆ, ಪ್ರಾಣಭಯದಲ್ಲಿರುವ ನಾಯಿ ತನ್ನವರನ್ನೂ ಕಚ್ಚುತ್ತದೆ. ಸಣ್ಣ ನಾಯಿಯಾದರೆ ಹಿಂಗಾಲುಗಳ ಕಡೆಯಿಂದ ಎತ್ತಿ ತಲೆಯನ್ನು ಕೆಳಗೆ ಮಾಡಿ ಭುಜಗಳ ನಡುವೆ ಅಂಗೈಯಿಂದ ನಾಲ್ಕೈದು ಬಾರಿ ತಟ್ಟಿ. ದೊಡ್ಡ ನಾಯಿಯಾದರೆ ಹಿಂದಿನಿಂದ ತಬ್ಬಿ, ಪಕ್ಕೆಲುಬುಗಳು ಮುಗಿದು ಹೊಟ್ಟೆ ಆರಂಭವಾಗುವ ಮೆತ್ತನೆಯ ಜಾಗದಲ್ಲಿ ಮುಷ್ಟಿಯನ್ನಿಟ್ಟು ಒಳಕ್ಕೂ ಮುಂದಕ್ಕೂ ಐದು ಬಾರಿ ಜೋರಾಗಿ ಒತ್ತಿ, ಪ್ರತಿ ಸುತ್ತಿನ ನಂತರ ಬಾಯನ್ನು ನೋಡಿ. ವಸ್ತು ಹೊರಬಂದರೂ ನಾಯಿಯನ್ನು ವೈದ್ಯರಿಗೆ ತೋರಿಸಬೇಕು. ಗಂಟಲು ಊದಿಕೊಳ್ಳುವುದು, ಶ್ವಾಸಕೋಶದಲ್ಲಿ ನೀರು ತುಂಬುವುದು ಆಮೇಲೆ ಆಗಬಹುದು.

ತೋಟದಮನೆ, ಸಾಗರ
ಎರಡು ವಾರಗಳ ನಂತರ, ಸೋಮವಾರ, ಸಂಜೆ 5:30

ಶಸ್ತ್ರಚಿಕಿತ್ಸೆಯಾಗಿ ಇಂದಿಗೆ ಹನ್ನೆರಡನೆಯ ದಿನ, ಚರ್ಮದ ಹೊಲಿಗೆ ಬಿಚ್ಚಿಸಿಕೊಂಡು ಬಂದೆವು. ನಾಲ್ಕನೆಯ ದಿನ ಸ್ವಲ್ಪ ಮಂಕಾಗಿತ್ತು; ಈ ಬಾರಿ ಕಾಯದೆ ಅಂದೇ ಕರೆದುಕೊಂಡು ಹೋಗಿ ತೋರಿಸಿದೆ. ಸ್ಕ್ಯಾನಿಂಗ್ ಮಾಡಿ ಸೋರಿಕೆ ಇಲ್ಲವೆಂದರು, ಮರುದಿನ ತಾನಾಗಿಯೇ ಸರಿಹೋಯಿತು. ತೂಕ 30ರಿಂದ 27 ಕಿಲೋಗೆ ಇಳಿದಿದೆ, ಈಗ ಎರಡು ಹೊತ್ತು ಉಣ್ಣುತ್ತಿದೆ. ಅಕ್ಕಚ್ಚಿನ ಬಕೆಟ್ಟಿಗೆ ಮುಚ್ಚಳ ಮಾಡಿಸಿ ಕೊಟ್ಟಿಗೆಯ ಒಳಗೆ ಇಟ್ಟಿದ್ದೇವೆ. ಹಸುವಿಗೆ ಸಿಪ್ಪೆ ಮಾತ್ರ ಹಾಕುತ್ತೇವೆ, ವಾಟೆಗಳನ್ನು ಮಗಳು ಎಣಿಸಿ ಗುಂಡಿ ತೋಡಿ ಹೂಳುತ್ತಾಳೆ. ಇಂದು ಮಧ್ಯಾಹ್ನ ಎಂಟು ಹಣ್ಣು ಹಿಂಡಿದ್ದೆವು, ಎಂಟು ವಾಟೆಯೂ ಗುಂಡಿಗೆ ಹೋದವು.